ಹೆಣ್ಣು ನೋಡಲು ಬೇಕಾದಷ್ಟು ಇಂಗ್ಲಿಷು

ಒಂದೂರಿನಲ್ಲಿ ಪಾಲಮ್ಮ ಅಂತ ಒಬ್ಬ ತಾಯಿ, ಓಬಳೇಶ ಅಂತ ಒಬ್ಬ ಮಗ. ಊರಿನ ಹೆಸರು ಹೇಳುವಂತಿಲ್ಲ. ಆ ಊರಿನವರು ಜಗಳಕ್ಕೆ ಬರುತ್ತಾರೆ. ಓಬಳೇಶನಿಗೆ ಇಪ್ಪತ್ತೆಂಟು ತುಂಬಿತ್ತು. ಕೈಕಾಲು ಗಟ್ಟಿ, ಮನಸ್ಸು ಒಳ್ಳೆಯದು. ತಲೆ ಮಾತ್ರ ಹೇಳಿದ್ದನ್ನು ಹೇಳಿದ ಹಾಗೇ ಹಿಡಿಯುತ್ತಿತ್ತು.

ಐದು ಸಂಬಂಧ ಬಂದು ಹೋಗಿದ್ದವು. ಆರನೆಯದು ಪೇಟೆಯ ಹೆಡ್ ಕ್ಲಾರ್ಕ್ ರುದ್ರೇಶಪ್ಪನವರ ಮಗಳು. "ಹುಡುಗನಿಗೆ ನಾಲ್ಕು ಮಾತು ಇಂಗ್ಲಿಷು ಬರಬೇಕು. ಕ್ರಿಸ್‌ಮಸ್ ರಜೆಗೆ ಕರಕೊಂಡು ಬನ್ನಿ, ನಾನೇ ಮಾತಾಡಿಸಿ ನೋಡ್ತೀನಿ" ಅಂತ ಹೇಳಿ ಕಳಿಸಿದ್ದರು. ಇದೂ ತಪ್ಪಿದರೆ ಇವನಿಗೆ ಇನ್ನು ಹೆಣ್ಣಿಲ್ಲ ಅಂತ ಪಾಲಮ್ಮನಿಗೆ ಗೊತ್ತಿತ್ತು. ಪಕ್ಕದ ಮನೆಯ ಫಿಲೋಮಿನಾ ಟೀಚರನ್ನು ಬೇಡಿಕೊಂಡಳು.

"ಸುಲಭ ಕಣಪ್ಪ," ಅಂದರು ಟೀಚರು. "ಚೀಟಿಯಲ್ಲಿ ಪದ ಬರಿ, ಆ ವಸ್ತುವಿಗೇ ಅಂಟಿಸು. ದಿನಾ ಕಣ್ಣಿಗೆ ಬೀಳ್ತಾ ಇದ್ದರೆ ತಾನಾಗಿ ಬರುತ್ತೆ."

ಓಬಳೇಶ ಅನ್ನ ಕಿವುಚಿ ಅಂಟು ಮಾಡಿಕೊಂಡ. ಬಾಗಿಲಿಗೆ ಡೋರ್, ಬಿಂದಿಗೆಗೆ ಪಾಟ್. ಟೀಚರ ಮನೆಗೂ ಹೋಗಿ ಹಬ್ಬಕ್ಕೆ ಕಟ್ಟಿದ್ದ ನಕ್ಷತ್ರಕ್ಕೆ ಸ್ಟಾರ್, ಮೇಣದಬತ್ತಿಗೆ ಕ್ಯಾಂಡಲ್, ಆರಲಿಟ್ಟಿದ್ದ ಕೇಕಿನ ನೆತ್ತಿಗೆ ಕೇಕ್. ಮನೆಗೆ ಬಂದರೆ ಪಾಲಮ್ಮ ಮಲಗಿದ್ದಳು. ಹಣೆಗೆ ಮದರ್. ಎದ್ದವಳು ಹಾಗೇ ನಲ್ಲಿಗೆ ಹೋದಳು. ಹೆಂಗಸರು ಕೊಡ ಕೆಳಗಿಟ್ಟು ನಕ್ಕರು. ಪಾಲಮ್ಮ ಮನೆಗೆ ಬಂದು ಮಗನನ್ನು ಬೈದಳು:

"ಮೈಮೇಲೆ ಅಂಟಿಸ್ತಾರೇನೋ? ಮಾತು ಇರೋದು ಬಾಯಲ್ಲಿ. ಕಂಡಿದ್ದನ್ನ ಬಾಯಿಬಿಟ್ಟು ಗಟ್ಟಿಯಾಗಿ ಹೇಳು."

"ಆಗಲಮ್ಮ."

ಚನ್ನವೀರಪ್ಪನ ಅಂಗಡಿಗೆ ಹೋದ. ರೈಸ್ ಅಂದ, ಸೋಪ್ ಅಂದ. ಬೆಲ್ಲಕ್ಕೆ ಇಂಗ್ಲಿಷು ಗೊತ್ತಿರಲಿಲ್ಲ, ಬಿಟ್ಟ. ಕಣ್ಣು ಚನ್ನವೀರಪ್ಪನ ತಲೆಯ ಮೇಲೆ ನಿಂತಿತು.

"ವಿಗ್," ಅಂದ.

"ಏನಂದೆ?"

ಗಟ್ಟಿಯಾಗಿ ಹೇಳಲಿಲ್ಲವೇನೋ ಅಂದುಕೊಂಡು, ಬೀದಿಯ ಕೊನೆಗೆ ಕೇಳಿಸುವ ಹಾಗೆ ಇನ್ನೊಮ್ಮೆ ಹೇಳಿದ. ಹನ್ನೆರಡು ವರ್ಷ ಕಾಪಾಡಿಕೊಂಡು ಬಂದ ಗುಟ್ಟು! ಚನ್ನವೀರಪ್ಪ ಅಂಗಡಿ ಬಿಟ್ಟು ಪಾಲಮ್ಮನ ಮನೆ ಬಾಗಿಲಿಗೆ ಬಂದು ಕೂಗಾಡಿದ.

"ಕಂಡಿದ್ದನ್ನೆಲ್ಲ ಹೇಳ್ತಾರೇನೋ, ಮಂಕೇ?" ಅಂದಳು ಪಾಲಮ್ಮ. " ಎದುರಿಗೆ ಸಿಕ್ಕಿದೋರಿಗೆ ಒಂದು ಒಳ್ಳೇ ಮಾತು ಹೇಳಬೇಕು."

ಒಳ್ಳೇ ಮಾತನ್ನು ಟೀಚರು ಕಲಿಸಿದರು. "ಮೆನಿ ಹ್ಯಾಪಿ ರಿಟರ್ನ್ಸ್ ಆಫ್ ದಿ ಡೇ. ಇಂಥ ದಿನ ಮತ್ತೆ ಮತ್ತೆ ಬರಲಿ ಅಂತ ಅರ್ಥ."

ಬೀದಿಯಲ್ಲಿ ಮೊದಲು ಸಿಕ್ಕಿದ್ದು ಪೈಲ್ವಾನ್ ಬೋರಯ್ಯ. ಬೈಕಿನಿಂದ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಆಟೋದಿಂದ ಇಳಿಯುತ್ತಿದ್ದ. ಓಬಳೇಶ ಕೈಮುಗಿದು ಒಳ್ಳೇ ಮಾತು ಹೇಳಿದ.

"ಹಂಗಂದ್ರೇನೋ?"

"ಇಂಥ ದಿನ ಮತ್ತೆ ಮತ್ತೆ ಬರಲಿ ಅಂತ, ಮಾವ."

ಬೋರಯ್ಯನ ಇನ್ನೊಂದು ಕಾಲು ಸರಿಯಾಗಿಯೇ ಇತ್ತು.

ಮಗನ ಸೊಂಟಕ್ಕೆ ಬಿಸಿನೀರಿನ ಶಾಖ ಕೊಡುತ್ತ ಪಾಲಮ್ಮ ಅಂದಳು: "ನಿನ್ನ ಸ್ವಂತ ಮಾತು ಒಂದೂ ಬೇಡಪ್ಪ. ನಾಳೆ ಬೀಗರು ಏನಂತಾರೋ ಅದನ್ನೇ ಅನ್ನು. ಸ್ಕೂಲಲ್ಲಿ ಮಕ್ಕಳು ಟೀಚರ ಹಿಂದೆ ಹೇಳಲ್ವೇ, ಹಾಗೆ."

"ಆಗಲಮ್ಮ."

ರುದ್ರೇಶಪ್ಪನವರು ಕೋಟು ಹಾಕಿಕೊಂಡೇ ಕೂತಿದ್ದರು.

"ಗುಡ್ ಮಾರ್ನಿಂಗ್."

"ಗುಡ್ ಮಾರ್ನಿಂಗ್."

"ಹ್ಯಾಪಿ ಕ್ರಿಸ್‌ಮಸ್. ಟುಡೇ ಹಾಲಿಡೇ."

"ಹ್ಯಾಪಿ ಕ್ರಿಸ್‌ಮಸ್. ಟುಡೇ ಹಾಲಿಡೇ."

"ಡಿಸೆಂಬರ್ ವೆರಿ ಕೋಲ್ಡ್."

"ಡಿಸೆಂಬರ್ ವೆರಿ ಕೋಲ್ಡ್."

ರುದ್ರೇಶಪ್ಪನವರು ಹೆಂಡತಿಯ ಕಡೆ ತಿರುಗಿದರು. "ನೋಡಿದೆಯಾ? ನಾನು ಹೇಳಿದ್ದನ್ನ ಒಂದೂ ತೆಗೆದುಹಾಕಲಿಲ್ಲ. ಇಂಥ ಅಳಿಯ ಎಲ್ಲಿ ಸಿಗ್ತಾನೆ?" ಪಾಲಮ್ಮ ಮೂರು ದಿನದಿಂದ ಹಿಡಿದಿದ್ದ ಉಸಿರು ಬಿಟ್ಟಳು.

ರುದ್ರೇಶಪ್ಪನವರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಅಂದರು: "ಐ ಗಿವ್ ಮೈ ಡಾಟರ್ ಟು ಯು. ಯು ಮ್ಯಾರಿ ಹರ್."

ಓಬಳೇಶನೂ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. "ಐ ಗಿವ್ ಮೈ ಡಾಟರ್ ಟು ಯು. ಯು ಮ್ಯಾರಿ ಹರ್."

ಒಳಬಾಗಿಲಲ್ಲಿ ಹೆಂಡತಿಯ ಕೈಯ ಲೋಟ ಬಿತ್ತು. ರುದ್ರೇಶಪ್ಪನವರ ಮುಖ ಕಪ್ಪಿಟ್ಟಿತು.

"ಮಗಳೇ? ಇವನಿಗೆ ಆಗಲೇ ಒಬ್ಬಳು ಮಗಳಿದ್ದಾಳೇನಮ್ಮ? ಅದೂ ಅವಳನ್ನ ನನಗೆ ಕೊಡ್ತಾನಂತೆ!"

"ಇಲ್ಲ ಸ್ವಾಮಿ, ದೇವರಾಣೆ. ಇಲ್ಲ ಅಂತ ಹೇಳೋ," ಅಂದಳು ಪಾಲಮ್ಮ.

"ಇಲ್ಲ ಅಂತ ಹೇಳೋ," ಅಂದ ಓಬಳೇಶ, ರುದ್ರೇಶಪ್ಪನವರಿಗೆ.

ರುದ್ರೇಶಪ್ಪನವರು ಬಾಗಿಲಿಗೆ ಬೆರಳು ತೋರಿಸಿದರು. "ಗೆಟ್ ಔಟ್."

ಓಬಳೇಶ ಬಾಗಿಲಿಗೆ ಬೆರಳು ತೋರಿಸಿದ. "ಗೆಟ್ ಔಟ್."

ಮೂವತ್ತು ವರ್ಷ ಸಾಹೇಬರ ಬಾಯಿಂದ ಈ ಮಾತು ಬಿದ್ದ ಕೂಡಲೇ ಎದ್ದು ಹೋಗಿ ಅಭ್ಯಾಸವಾದ ಮನುಷ್ಯ. ರುದ್ರೇಶಪ್ಪನವರು ತಲೆ ತಗ್ಗಿಸಿ, ಚಪ್ಪಲಿ ಮೆಟ್ಟಿಕೊಂಡು, ಗೇಟು ದಾಟಿ ಬೀದಿಗೆ ಹೋಗಿ ನಿಂತರು. ಅದು ತಮ್ಮದೇ ಮನೆ ಅಂತ ನೆನಪಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಅಷ್ಟರಲ್ಲಿ ಒಳಗೆ, ತನ್ನ ಇಂಗ್ಲಿಷು ಒಬ್ಬರಿಗಾದರೂ ಸರಿಯಾಗಿ ಅರ್ಥವಾಯಿತಲ್ಲ ಅಂತ ಓಬಳೇಶ ಅವರ ಕುರ್ಚಿಯಲ್ಲಿ ಕೂತು, ಕೇಸರಿಬಾತಿನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.