ಅಧ್ಯಕ್ಷರ ಕೊಠಡಿಯ ತಳಪಾಯ

ಚಿತ್ರದುರ್ಗದ ಒಂದು ಎಂಜಿನಿಯರ್ ಆಫೀಸಿನಲ್ಲಿ ಶಶಿರೇಖಾ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುತ್ತಿದ್ದಳು. ಇಳಿಜಾರಿನಲ್ಲಿ ಕಟ್ಟಬೇಕಿದ್ದ ಶಾಲೆಯೊಂದರ ಮುಂಭಾಗ ಬರೆದು, ಮಣ್ಣಿನೊಳಗೆ ಇಳಿಯುವ ತಳಪಾಯವನ್ನು ತುಂಡುಗೆರೆಗಳಲ್ಲಿ ತೋರಿಸಿದ್ದಳು.

ಶಾಲಾ ಸಮಿತಿಯ ಅಧ್ಯಕ್ಷ ಓಂಕಾರಪ್ಪನವರು ಅದನ್ನು ನೋಡಿ ಮುಖ ಸಿಂಡರಿಸಿದರು.

"ನಾಳೆ ಸಭೇಲಿ ತೋರಿಸೋ ಚಿತ್ರ ಇದು. ಮಣ್ಣೊಳಗಿರೋದು ಯಾರಿಗಮ್ಮ ಕಾಣುತ್ತೆ? ಶಾಲೆಯ ನೆಲದಿಂದ ಕೆಳಗಿರೋದೆಲ್ಲ ಅಳಿಸು. ಅಷ್ಟು ಆಳ ಅಗೆಯೋದೂ ಬೇಡ ಅಂತ ಮೇಸ್ತ್ರಿಗೆ ಹೇಳ್ತೀನಿ."

ಶಶಿರೇಖಾ ತುಂಡುಗೆರೆಗಳನ್ನು ಇನ್ನೊಮ್ಮೆ ನೋಡಿದಳು. ಮಕ್ಕಳು ಕೂರುವ ಕಟ್ಟಡ. ಆದರೂ "ಆಗಲಿ ಸಾರ್" ಎಂದಳು.

ಮರುದಿನ ಸಭೆಗೆ ಊರೇ ಸೇರಿತ್ತು. ಪರದೆಯ ಮೇಲೆ ಶಾಲೆ ಮೂಡಿತು. ಇಳಿಜಾರಿನ ಕಡೆಯ ಮೂಲೆ ಮಣ್ಣು ಮುಟ್ಟದೆ ಗಾಳಿಯಲ್ಲಿ ನಿಂತಿತ್ತು. ಆ ಮೂಲೆಯ ಕಿಟಕಿಯ ಮೇಲೆ ದಪ್ಪಕ್ಷರದಲ್ಲಿ 'ಅಧ್ಯಕ್ಷರ ಕೊಠಡಿ' ಎಂದು ಬರೆದಿತ್ತು.

"ನನ್ನ ರೂಮು ಯಾಕಮ್ಮ ನೇತಾಡ್ತಿದೆ?" ಅಂದರು ಓಂಕಾರಪ್ಪ.

"ನೀವು ಹೇಳಿದಂಗೇ ಕೆಳಗಿರೋದನ್ನೆಲ್ಲ ಅಳಿಸಿದೀನಿ ಸಾರ್."

"ಒಳಗೆ ಕೂತಾಗ ಬಿದ್ರೆ?"

"ಅದು ನಕ್ಷೇಲಿ ಕಾಣಲ್ಲ ಸಾರ್."

ಸಭೆಯಲ್ಲಿ ನಗು ಎದ್ದಿತು. ಓಂಕಾರಪ್ಪನವರು ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. ಆ ಕಿಟಕಿಯನ್ನೇ ಇನ್ನೊಂದು ಸಲ ನೋಡಿದರು.

"ತಳಪಾಯ ವಾಪಸ್ ಹಾಕಮ್ಮ."

ಶಶಿರೇಖಾ ಒಂದು ಗುಂಡಿ ಒತ್ತಿದಳು. ಗೆರೆಗಳೆಲ್ಲ ಮತ್ತೆ ಮೂಡಿದವು. ಅವರು ಎದ್ದು ಹೋಗಿ ಪರದೆಯ ಮೇಲೆ ಬೆರಳಿಟ್ಟರು.

"ಈ ಮೂಲೆ ಇನ್ನೂ ಎರಡಡಿ ಇಳೀಲಿ."

"ಒಂದೇ ಮೂಲೆ ಇಳಿಸಿದ್ರೆ ಮಿಕ್ಕ ಶಾಲೆ ನಿಮ್ಮ ಮೇಲೇ ವಾಲಬಹುದು ಸಾರ್."

"ಹಾಗಾದ್ರೆ ಎಲ್ಲಾ ಕಡೆ ಇಳಿಸು," ಅಂದು ಓಂಕಾರಪ್ಪನವರು ಅಲ್ಲೇ ಮೇಸ್ತ್ರಿಯನ್ನು ಕರೆದರು.