ಗಡೀಪಾರಗಡ್ಡೆಯ ಅರಸ

ತೆಗ್ಗಿನಹಾಳದ ದಂಡೆಯಲ್ಲಿ ನಿಂತರೆ ಕೃಷ್ಣೆಯ ನಡುವೆ ಮಲಗಿದ ಎಮ್ಮೆಯಂಥ ಒಂದು ನಡುಗಡ್ಡೆ ಕಾಣುತ್ತದೆ. ಅಲ್ಲಿರುವುದು ಒಂದಿಷ್ಟು ಜಾಲಿಗಿಡ, ಬೇಕಾದಷ್ಟು ಮರಳು, ನಡುವೆ ಒಂದು ಚಪ್ಪಟೆ ಬಂಡೆ. ಬೇಸಿಗೆಯಲ್ಲಿ ನಮ್ಮವರು ಅಲ್ಲಿ ಕಲ್ಲಂಗಡಿ ಬೆಳೆಯುತ್ತಾರೆ, ಮಳೆಗಾಲಕ್ಕೆ ಮೊದಲೇ ಎದ್ದು ಬರುತ್ತಾರೆ. ಅದರ ಹೆಸರು ಗಡೀಪಾರಗಡ್ಡೆ. ಯಾವನೋ ದೊಡ್ಡ ಅರಸ ಅಪರಾಧಿಗಳನ್ನು ಅಲ್ಲಿಗೆ ಗಡೀಪಾರು ಮಾಡುತ್ತಿದ್ದನೆಂದು ನೋಡಲು ಬಂದವರು ತಿಳಿಯುತ್ತಾರೆ. ದೊಡ್ಡ ಅರಸನಂತೆ! ಅಲ್ಲಿಗೆ ಯಾರನ್ನೂ ಅಟ್ಟಲಿಲ್ಲ ಮಹರಾಯರೇ, ಅಲ್ಲಿಂದ ಅಟ್ಟಿದ್ದು. ಅಟ್ಟಿದವನ ಮೂರ್ಖತನವನ್ನು ಹೇಳದೆ ಆ ಹೆಸರಿನ ಕಥೆ ಮುಗಿಯುವುದಿಲ್ಲ.

ಹಿಂದೆ ಒಮ್ಮೆ, ಈ ದಂಡೆ ಒಬ್ಬ ಪಾಳೆಯಗಾರನಿಗೂ ಆ ದಂಡೆ ಒಬ್ಬ ಸುಲ್ತಾನನಿಗೂ ಸೇರಿದ್ದ ಕಾಲದಲ್ಲಿ, ನಮ್ಮೂರಿನಲ್ಲಿ ಭರಮನಗೌಡ ಎಂಬುವನಿದ್ದ. ಯುಗಾದಿಯಂದು ಪಂಚಾಂಗ ಓದಿಸಿದ ಮೇಲೆ ಮೊದಲ ವೀಳ್ಯ ಊರಗೌಡನಿಗೆ, ಎರಡನೆಯದು ಅವನ ದಾಯಾದಿಗೆ ಸಲ್ಲುವುದು ಆಗಿನ ಪದ್ಧತಿ. ಈ ಪುಣ್ಯಾತ್ಮ ಆ ದಾಯಾದಿ. ಎರಡನೆಯ ವೀಳ್ಯವನ್ನು ಮುಟ್ಟುವ ಕೈ ತನ್ನದಲ್ಲವೆಂದು ತಟ್ಟೆ ನೂಕಿ ಎದ್ದ. ಹೆಂಡತಿ ಸಂಕವ್ವ, ನಡೆಯಲು ಬರುವ ಒಬ್ಬ ಮಗಳು, ಒಂದು ಹಸುಗೂಸು, ಒಬ್ಬ ತಮ್ಮ, ಒಬ್ಬ ಭಾವಮೈದುನ, ಇಷ್ಟು ಜನರನ್ನು ಕಟ್ಟಿಕೊಂಡು ನಡುಗಡ್ಡೆಗೆ ಹೋಗಿ ಇದು ಭರಮಾಪುರ ಸಂಸ್ಥಾನ, ನಾನೇ ಇದರ ಅರಸ ಎಂದು ಸಾರಿದ. ಪಾಳೆಯಗಾರನಾಗಲಿ ಸುಲ್ತಾನನಾಗಲಿ ತಡೆಯಲಿಲ್ಲ. ಹೊಳೆ ತುಂಬಿ ಬಂದಾಗ ಮುಳುಗಿಹೋಗುವ ನೆಲವನ್ನು ಬುದ್ಧಿ ನೆಟ್ಟಗಿದ್ದವರು ಯಾರು ಕೇಳುತ್ತಾರೆ?

ಆ ಸಂಸ್ಥಾನದ ವೈಭವವನ್ನು ಏನು ಹೇಳಲಿ! ತಮ್ಮ ದಿವಾನನಾದ, ಭಾವಮೈದುನ ದಳವಾಯಿಯಾದ. ದಳವಾಯಿಯ ದಂಡು ಎಂದರೆ ಅವನೇ, ಜೊತೆಗೆ ತುಕ್ಕು ಹಿಡಿದ ಒಂದು ಈಟಿ. ಚಪ್ಪಟೆ ಬಂಡೆ ಸಿಂಹಾಸನ. ದಿನಾ ಬೆಳಿಗ್ಗೆ ದರ್ಬಾರು ನಡೆಯುತ್ತಿತ್ತು. ಮೊದಲ ವೀಳ್ಯವನ್ನು ಅರಸ ಜಗಿಯುತ್ತಿದ್ದ, ಎರಡನೆಯದಕ್ಕೆ ದಿವಾನನೂ ದಳವಾಯಿಯೂ ಕಿತ್ತಾಡುತ್ತಿದ್ದರು. ಕೊನೆಗೆ ಮುಖ ಕೊಟ್ಟು ಮಾತಾಡುವುದನ್ನೇ ಬಿಟ್ಟರು. ನೆಲ ಅಗೆಯುವುದು, ನೀರು ಹೊರುವುದು, ರೊಟ್ಟಿ ಬಡಿಯುವುದು ಎಲ್ಲವೂ ಮಹಾರಾಣಿ ಸಂಕವ್ವನ ಪಾಲಿಗೆ. ಇನ್ನು ಪ್ರಜೆ ಬೇಡವೇ? ಹರಗೋಲಿನಲ್ಲಿ ಉಪ್ಪು, ಜೋಳ, ಎಲೆಅಡಿಕೆ ತಂದುಕೊಡುತ್ತಿದ್ದ ಅಂಬಿಗರ ದ್ಯಾಮಣ್ಣನನ್ನು ಹಿಡಿದು, ನೀನೇ ನಮ್ಮ ಪ್ರಜೆ ಎಂದರು.

"ನಾನಾ? ನನ್ನ ಮನಿ ಆ ದಂಡಿಗೈತ್ರಿ ಗೌಡ್ರ" ಎಂದು ದ್ಯಾಮಣ್ಣ ನಕ್ಕನಂತೆ. ಸಂಕವ್ವ ಪ್ರತಿಸಲ ಒಂದು ರೊಟ್ಟಿ ಕೊಡುತ್ತಿದ್ದಳು, ಆ ಮುಲಾಜಿಗೆ ಹೂಂ ಅಂದ. ಅಂದಿನಿಂದ ಸಂಸ್ಥಾನದ ಕಾನೂನು, ಕಂದಾಯ, ಗದರಿಕೆ ಎಲ್ಲಕ್ಕೂ ಸಿಕ್ಕವನು ಅವನೊಬ್ಬನೇ. ಹಿಡಿದ ಮೀನಿನಲ್ಲಿ ದೊಡ್ಡದು ಅರಮನೆಗೆ, ಅಂದರೆ ಜಾಲಿಗಿಡದ ಕೆಳಗಿನ ಗುಡಿಸಲಿಗೆ.

ಮಳೆಗಾಲ ಬಂತು. ಒಂದು ಬೆಳಿಗ್ಗೆ ದ್ಯಾಮಣ್ಣ ಹರಗೋಲು ಎಳೆದು ಕಟ್ಟಿ ನೇರ ದರ್ಬಾರಿಗೆ ನುಗ್ಗಿದ. "ಗೌಡ್ರ, ಹೊಳಿ ಕೆಂಪಗಾಗೈತಿ, ಹಾವು ಗಿಡ ಹತ್ತ್ಯಾವು. ಸಂಜಿ ಮಟ ಈ ಗಡ್ಡಿ ಉಳಿಯಂಗಿಲ್ಲ. ಎಲ್ಲಾರೂ ಏಳ್ರಿ" ಎಂದ. ಅರಸನ ಕಿವಿಗೆ ಹೊಳೆಯ ಮಾತು ಬೀಳಲಿಲ್ಲ, ಏಳ್ರಿ ಎಂಬುದಷ್ಟೇ ಬಿತ್ತು. ಪ್ರಜೆ ಅರಸನಿಗೆ ಅಪ್ಪಣೆ ಕೊಡುವುದೇ! ಇನ್ನೂ ವೀಳ್ಯ ಮುಟ್ಟಿಲ್ಲ, ದರ್ಬಾರು ಶುರುವಾಗಿಲ್ಲ! ದ್ಯಾಮಣ್ಣನಿಗೆ ಗಡೀಪಾರು ವಿಧಿಸಿದ. ಅಷ್ಟು ದಿನ ಮಾತು ಬಿಟ್ಟಿದ್ದ ದಿವಾನನೂ ದಳವಾಯಿಯೂ ಅಂದು ಮಾತ್ರ ಒಂದಾಗಿ ಭಲೆ ಭಲೆ ಅಂದರು. ಥೂ, ಎಂಥ ತಲೆಗಳು!

"ಆಗ್ಲಿ ತಗೋರಿ. ಆದ್ರ ಹರಗೋಲು ನಂದು. ನಾ ಹೋದ್ರ ಅದೂ ಹೊಕ್ಕತಿ" ಎಂದು ದ್ಯಾಮಣ್ಣ ಸಂಕವ್ವನ ಕಡೆ ನೋಡಿದನಂತೆ. ಗಂಡಸರು ಯಾರಿಗೂ ಅದು ಹೊಳೆಯಲಿಲ್ಲ, ಅವಳಿಗೆ ಹೊಳೆಯಿತು. ಅರಸನ ಒಪ್ಪಿಗೆಯಿಲ್ಲದೆ ರಾಣಿಯನ್ನು ಹತ್ತಿಸಿಕೊಂಡರೆ ದಳವಾಯಿಯ ಈಟಿ ದ್ಯಾಮಣ್ಣನ ಬೆನ್ನಿಗೆ ಬೀಳುತ್ತದೆ. ಗಂಡನ ಕಾಲು ಹಿಡಿದಳು. ಮಕ್ಕಳನ್ನಾದರೂ ಕಳಿಸಿ ಎಂದಳು. ಯುವರಾಜ ಹೊಳೆಗೆ ಹೆದರಿ ಓಡಿದ ಎನ್ನಿಸಿಕೊಳ್ಳಲೇ ಎಂದು ಅರಸ ಮೀಸೆ ತಿರುವಿದ. ಯುವರಾಜನಿಗೆ ಇನ್ನೂ ಹಲ್ಲು ಬಂದಿರಲಿಲ್ಲ.

ಸಂಕವ್ವ ಎದ್ದಳು. ತಟ್ಟೆಯಲ್ಲಿದ್ದ ಮೊದಲ ವೀಳ್ಯವನ್ನು, ಅರಸನದನ್ನು, ಎತ್ತಿ ಬಾಯಿಗಿಟ್ಟಳು. ಎಲ್ಲರೂ ನೋಡುತ್ತಿದ್ದಂತೆ ನಿಧಾನವಾಗಿ ಜಗಿದು ಸಿಂಹಾಸನದ ಬುಡಕ್ಕೆ ಉಗಿದಳು. ಕೊಲೆ ಮಾಡಿದ್ದರೂ ಭರಮನಗೌಡ ಅಷ್ಟು ನಡುಗುತ್ತಿರಲಿಲ್ಲ. "ಗಡೀಪಾರು! ಇವಳೂ, ಇವಳ ಹೊಟ್ಟೆಯಲ್ಲಿ ಹುಟ್ಟಿದವೂ ಗಡೀಪಾರು!" ಎಂದು ಕಿರುಚಿದ. ಅವಳಿಗೆ ಬೇಕಾದದ್ದೂ ಅದೇ. ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಗಳ ಕೈ ಹಿಡಿದು ಹರಗೋಲು ಹತ್ತಿದಳು. ಅಷ್ಟರಲ್ಲಿ ನೀರು ಬಂಡೆಯ ಬುಡಕ್ಕೆ ಬಂದಿತ್ತು. ದಿವಾನ ದಳವಾಯಿಗಳಿಗೆ ಈಗ ಬುದ್ಧಿ ಬಂತು. ಉಳಿದ ವೀಳ್ಯಗಳನ್ನು ಗಬಗಬ ಬಾಯಿಗೆ ತುರುಕಿಕೊಂಡು, ನಾವೂ ತಪ್ಪು ಮಾಡಿದೆವು, ನಮ್ಮನ್ನೂ ಅಟ್ಟಿರಿ ಎಂದು ಅಂಗಲಾಚಿ ಅವರೂ ಗಡೀಪಾರಾದರು.

ಅವರನ್ನೆಲ್ಲ ಇಳಿಸಿ ದ್ಯಾಮಣ್ಣ ಮತ್ತೊಮ್ಮೆ ಹೋದ. ಸಂಕವ್ವನೇ ಕಳಿಸಿದಳು ಎನ್ನುತ್ತಾರೆ. ಅರಸ ಮೊಣಕಾಲು ನೀರಿನಲ್ಲಿ ಸಿಂಹಾಸನದ ಮೇಲೆ ನಿಂತಿದ್ದ. "ಗಡೀಪಾರಾದವನು ಮತ್ತೆ ನನ್ನ ನೆಲ ಮುಟ್ಟುತ್ತೀಯಾ?" ಎಂದು ಅಬ್ಬರಿಸಿದ. "ನೆಲ ಎಲ್ಲೈತ್ರಿ ಗೌಡ್ರ? ಕೈ ಕೊಡ್ರಿ" ಎಂದು ದ್ಯಾಮಣ್ಣ ಹುಟ್ಟು ಚಾಚಿದ. ಕೈ ಬರಲಿಲ್ಲ. ಸೆಳವು ಹರಗೋಲನ್ನು ಎಳೆದೊಯ್ದಿತು, ದ್ಯಾಮಣ್ಣ ಬದುಕಿ ಬಂದದ್ದೇ ಹೆಚ್ಚು. ಅಪ್ಪ ಎಲ್ಲಿ ಎಂದು ಮಗಳು ಕೇಳಿದ್ದಕ್ಕೆ ಸಂಕವ್ವ, "ಅವರ ದೇಶದಾಗ ಅದಾರವ್ವ" ಎಂದಳಂತೆ. ಆ ಮೂಢನ ಮೇಲೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಅವಳು ಆ ಮಾತನ್ನು ಹೇಗೆ ಹೇಳಿದಳೋ ಎಂದು ಮಾತ್ರ ಆಗಾಗ ನೆನೆಯುತ್ತೇನೆ.

ಅವರು ಇಳಿದ ಜಾಗದಲ್ಲಿ ಈಗಲೂ ಒಂದು ಕಲ್ಲು ನಿಂತಿದೆ. ಕೂಸು ಕಟ್ಟಿಕೊಂಡ ಹೆಂಗಸು, ಅವಳ ಕೈ ಹಿಡಿದ ಹುಡುಗಿ, ಹುಟ್ಟು ಹಿಡಿದ ಗಂಡಸು. ಮುಖಗಳು ಸವೆದಿವೆ, ಕುಂಕುಮ ದಿನವೂ ಬೀಳುತ್ತದೆ. ನಮ್ಮ ಕೇರಿಯವರೆಲ್ಲ ಆ ಕೂಸಿನ ವಂಶದವರು, ನಾನೂ. ಹಾಗಾದರೆ ನೀವು ರಾಜವಂಶದವರು ಎಂದು ಬಂದವರು ಕೈ ಮುಗಿಯುತ್ತಾರೆ. ಅಲ್ಲ ಸ್ವಾಮಿ, ನಾವು ಗಡೀಪಾರಾದವರ ವಂಶ, ಅದಕ್ಕೇ ಇದ್ದೇವೆ ಎನ್ನುತ್ತೇನೆ.