ಕಸ್ತೂರಿಗೆ ಟೈರು ತಂದ ಗದಿಗೆಪ್ಪ

ಕರೆಯುವ ಮೊದಲೇ ಓಗೊಡುವ ಶಿವನೇ, ನಿನ್ನ ಪಾದಕ್ಕೆ ಶರಣು. ಜಾಣರನ್ನೂ ನೀನೇ ಮಾಡಿದೆ, ಪೆದ್ದರನ್ನೂ ನೀನೇ ಮಾಡಿದೆ, ಇಬ್ಬರಿಗೂ ಮಣ್ಣು ತಂದದ್ದು ಒಂದೇ ಹೊಲದಿಂದ. ಈ ಕತೆ ಹೇಳುವಾಗ ನನ್ನ ನಾಲಗೆ ಯಾರನ್ನೂ ಚುಚ್ಚದಿರಲಿ. ಕೇಳುವವರು ನಗು ಬಂದಲ್ಲಿ ನಗಲಿ, ಬಾರದಿದ್ದಲ್ಲಿ ನಿನ್ನನ್ನು ನೆನೆಯಲಿ.

ಗರಸನಾಳ ಅಂತ ಒಂದು ಊರು. ಡಾಂಬರು ಕಂಡದ್ದು ಒಂದೇ ರಸ್ತೆ, ಉಳಿದದ್ದೆಲ್ಲ ಗರಸಿನ ಹಾದಿ. ಸಣ್ಣ ಕಲ್ಲು, ಕೆಂಪು ಮಣ್ಣು, ಅಲ್ಲಲ್ಲಿ ಜಾಲಿ ಮುಳ್ಳು. ಆ ಊರಲ್ಲಿ ಶಾವಂತ್ರೆವ್ವ ಎಂಬ ತಾಯಿ. ಗಂಡ ಶಿವನ ಪಾದ ಸೇರಿದ್ದ. ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟು ಇಬ್ಬರು ಮಕ್ಕಳನ್ನು ಸಾಕಿದ್ದಳು. ಹಿರಿಯವನು ಗದಿಗೆಪ್ಪ. ಮೂವತ್ತು ವರ್ಷದ ಆಳು, ಎತ್ತಿನ ಮೈ, ಕರುವಿನ ಬುದ್ಧಿ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು.

"ಶಿವನೇ, ಇವಗ ಇಷ್ಟು ದೊಡ್ಡ ಕೈಕಾಲು ಕೊಡೂ ಮುಂದ ತಲ್ಯಾಗೂ ಒಂದೀಟು ಹಾಕಬಾರದಿತ್ತೇನು!" ಎಂದು ತಾಯಿ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು. ಹಾಗಂದು ಮತ್ತೆ ಅವನಿಗೇ ಕೆಲಸ ಹೇಳುತ್ತಿದ್ದಳು. ಹೇಳದಿದ್ದರೆ ಅವನ ಮುಖ ಬಾಡುತ್ತಿತ್ತು.

ಕಿರಿಯವಳು ಕಸ್ತೂರಿ. ಸೈಕಲ್ ಹತ್ತಿದಳೆಂದರೆ ಗಾಳಿ. ಸೈಕಲ್ ಕಲಿಸುವ ಬಾಳಪ್ಪ ಮಾಸ್ತರು ತಮ್ಮದೇ ಒಂದು ಸೈಕಲ್ಲನ್ನು ಅವಳಿಗೆ ಕೊಟ್ಟಿದ್ದರು, ಗರಸಿನ ಹಾದಿಗೆಂದೇ ಮಾಡಿದ್ದು. ಬರುವ ರವಿವಾರ ಹುಡುಗಿಯರ ಅರವತ್ತು ಕಿಲೋಮೀಟರಿನ ಸೈಕಲ್ ಓಟ. ಮೊದಲು ಬಂದ ಐವರಿಗೆ ಕ್ರೀಡಾ ವಸತಿನಿಲಯದಲ್ಲಿ ಜಾಗ. ಅಲ್ಲಿ ಊಟ, ಓದು, ತರಬೇತಿ ಎಲ್ಲ ಇತ್ತು. ಬರುವ ವರ್ಷ ಕಸ್ತೂರಿಯ ವಯಸ್ಸು ದಾಟುತ್ತದೆ. ಈ ಸಲ ಆಯಿತೆಂದರೆ ಆಯಿತು, ಇಲ್ಲವಾದರೆ ಅವ್ವನ ಪಕ್ಕ ಕೂತು ರೊಟ್ಟಿ ಬಡಿಯುವುದೇ.

ಸೈಕಲ್ಲಿನ ಟೈರು ಮಾತ್ರ ಸವೆದು ಹೋಗಿದ್ದವು. ಮಾಸ್ತರು ಹೇಳಿದರು: "ಹೊಸಾ ಟೈರ್ ತರಸು ಕಸ್ತೂರಿ. ಹಗುರ ಇರಬೇಕು, ಏರು ಹತ್ತೂ ಮುಂದ ಗೊತ್ತಾಗತೈತಿ. ಅಗಲ ಇರಬೇಕು, ಗರಸಿನ್ಯಾಗ ಹೊರಳಬಾರದು. ಟ್ಯೂಬ್ ಇಲ್ಲದ್ದ ಇರಬೇಕು, ಅದರೊಳಗ ಬಿಳೀ ಅಂಟು ಹಾಕ್ತೀನಿ, ಮುಳ್ಳು ಚುಚ್ಚಿದ್ರೂ ತೂತು ತಾನ ಮುಚ್ಚತೈತಿ."

ಸೋಮವಾರ. ಕಸ್ತೂರಿಗೆ ತಾಲೀಮು, ತಾಯಿಗೆ ರೊಟ್ಟಿ. ಪೇಟೆಗೆ ಹೋಗುವವರು ಯಾರು? ಗದಿಗೆಪ್ಪ.

"ಮೂರು ಮಾತು ಅವನ ತಲ್ಯಾಗ ಹಿಡಸಂಗಿಲ್ಲ, ಒಂದ ಹೇಳು," ಅಂದಳು ತಾಯಿ.

"ಅಣ್ಣಾ, ಹಗುರ ನೋಡಿ ತಾ. ಕೈಯಾಗ ಎತ್ತಿ ನೋಡು, ಎಲ್ಲಾಕ್ಕಿಂತ ಹಗುರ ಯಾವುದೈತಿ, ಅದನ್ನ ತಾ."

ಗದಿಗೆಪ್ಪ ದಾವಲಸಾಬನ ಸೈಕಲ್ ಅಂಗಡಿಗೆ ಹೋದ. ಒಂದೊಂದೇ ಟೈರು ಎತ್ತಿದ, ಇಳಿಸಿದ. ಎತ್ತಿದ, ಇಳಿಸಿದ. ಕೊನೆಗೆ ಎರಡು ಆರಿಸಿದ.

"ಇವು ಮೂರು ವರ್ಷದ ಕೂಸಿನ ಸೈಕಲ್ಲಿನವು ತಮ್ಮಾ!"

"ಹಗುರ ಅದಾವೋ ಇಲ್ಲೋ?"

"ಹಗುರ ಅದಾವು."

"ಹಂಗಾರ ಕೊಡು!"

ಮನೆಗೆ ತಂದು ತೋರಿಸಿದ. ಕಸ್ತೂರಿ ಒಂದನ್ನು ಗಾಲಿಯ ಮೇಲೆ ಇಟ್ಟು ನೋಡಿದಳು. ತಾಟಿನ ಮೇಲೆ ಬಟ್ಟಲು ಇಟ್ಟಂತಿತ್ತು.

"ಅಯ್ಯೋ ಖೋಡೀ!" ತಾಯಿ ಹಣೆ ಬಡಿದುಕೊಂಡಳು. "ಅಗಲ ನೋಡಬೇಕಿಲ್ಲೋ? ಅಗಲ ಇದ್ದದ್ದು ತರಬೇಕಪಾ, ಅಗಲ!"

"ಆತು ಯವ್ವಾ, ಮುಂದಿನ ಸಲ ಹಂಗ ಮಾಡ್ತೀನಿ."

ಮಂಗಳವಾರ. ಗದಿಗೆಪ್ಪ ಮತ್ತೆ ಪೇಟೆಗೆ ಹೋದ. ಸಣ್ಣ ಟೈರು ತಿರುಗಿ ಕೊಟ್ಟ. ಅಂಗಡಿಯೊಳಗೆ ಅಗಲ ನೋಡಿದ, ಮನಸ್ಸಿಗೆ ಬರಲಿಲ್ಲ. ಹೊರಗೆ ಬಂದ. ಪಕ್ಕದ ಪಂಕ್ಚರ್ ಅಂಗಡಿಯ ಮುಂದೆ ಟ್ರ್ಯಾಕ್ಟರಿನ ಹಿಂದಿನ ಟೈರು ಬಿದ್ದಿತ್ತು, ಹಳೆಯದು. ಪೇಟೆಯಲ್ಲೆಲ್ಲ ಅದರಷ್ಟು ಅಗಲದ್ದು ಇನ್ನೊಂದಿಲ್ಲ!

"ಇದನ್ನ ಒಯ್ಲ್ಯಾ?"

"ಒಯ್ದು ಪುಣ್ಯಾ ಕಟ್ಕೋ ಮಾರಾಯಾ!"

ಎಂಟು ಕಿಲೋಮೀಟರು ಉರುಳಿಸಿಕೊಂಡು ಬಂದ. ಬಿಸಿಲು, ಧೂಳು, ಬೆವರು. ಹಿಂದೆ ಬೀದಿನಾಯಿಗಳ ಸಾಲು. ಊರವರು ಕಟ್ಟೆಯ ಮೇಲಿಂದ ಕೂಗಿದರು: "ಏನಲೇ ಗದಿಗ್ಯಾ, ಟ್ರ್ಯಾಕ್ಟರ್ ಹಿಂದಿನಿಂದ ಬರತೈತೇನು?" ಗದಿಗೆಪ್ಪ ಹೆಮ್ಮೆಯಿಂದ ಅಂದ: "ಇಲ್ಲ, ನಮ್ಮ ತಂಗೀ ಸೈಕಲ್ಲಿಂದು!"

ಕಸ್ತೂರಿ ಅದನ್ನು ನೋಡಿ ಮೊದಲು ನಕ್ಕಳು, ಆಮೇಲೆ ಗೋಡೆಯ ಕಡೆ ಮುಖ ಮಾಡಿದಳು.

"ಅಯ್ಯೋ ನನ್ನ ಕರ್ಮವೇ!" ತಾಯಿ ಅಂದಳು. "ತರೂ ಮುಂದ ಹಾಕಿ ನೋಡಬೇಕಿಲ್ಲೋ? ಏನ ತಂದ್ರೂ ಅಲ್ಲೇ ಹಾಕಿ ನೋಡಬೇಕು, ಹಿಡಸತೈತೋ ಇಲ್ಲೋ ಅಂತ!"

"ಆತು ಯವ್ವಾ, ಮುಂದಿನ ಸಲ ಹಂಗ ಮಾಡ್ತೀನಿ."

ಬುಧವಾರ. ಮಾಸ್ತರ ಮನೆಯಲ್ಲಿ ಕಸ್ತೂರಿಗೆ ಓಟದ ಅಂಗಿ ಬಂದಿತ್ತು. "ಹೋಗಿ ತಾರಪಾ," ಅಂದಳು ತಾಯಿ. ಗದಿಗೆಪ್ಪ ಹೋದ. ಬಂದ. ಹಾಕಿಕೊಂಡೇ ಬಂದ! ಎರಡೂ ಕಂಕುಳು ಹರಿದಿದ್ದವು, ಬೆನ್ನ ಮೇಲಿನ ನಂಬರು ಎರಡು ಹೋಳಾಗಿತ್ತು.

"ಹಾಕಿ ನೋಡೀನಿ ಯವ್ವಾ. ಹಿಡಸಂಗಿಲ್ಲ."

ತಾಯಿ ಸೂಜಿ ದಾರ ಹುಡುಕುತ್ತ ಕೂಗಿದಳು: "ಎತ್ತಿನಂಥಾವನ, ತಂಗೀ ಅಂಗಿ ನೀ ಹಾಕ್ಕೊಳ್ಳೂದೇನು? ನಿನ್ನ ಬುದ್ಧಿ ಇನ್ನ ಓಡಸಬ್ಯಾಡ! ತಿಳದವರು ಹೆಂಗ ಹೇಳ್ತಾರೋ ಹಂಗ ಕೇಳು!"

"ಆತು ಯವ್ವಾ, ಮುಂದಿನ ಸಲ ಹಂಗ ಮಾಡ್ತೀನಿ."

ಶುಕ್ರವಾರ. ಮಾಸ್ತರು ಚೀಟಿ ಬರೆದುಕೊಟ್ಟರು. ಹಗುರ, ಅಗಲ, ಟ್ಯೂಬಿಲ್ಲದ್ದು, ಅಳತೆ ಇಂತಿಷ್ಟು. ಗದಿಗೆಪ್ಪ ಅದನ್ನು ಒಯ್ದ, ದಾವಲಸಾಬ ಓದಿದ. ಅಟ್ಟದಿಂದ ಜೋಡಿ ಟೈರು ಇಳಿಸಿದ. ಮಡಚಿದರೆ ಚಾದರದ ಹಾಗೆ ಮಡಚುವಂಥವು, ಎತ್ತಿದರೆ ರೊಟ್ಟಿಯ ಬುಟ್ಟಿಗಿಂತ ಹಗುರ, ಬಿಚ್ಚಿದರೆ ಮೂರು ಬೆರಳಗಲ.

"ಇದೊಂದ ಜೋಡಿ ಇತ್ತು ತಮ್ಮಾ. ಇನ್ನ ಬರೂದು ಎಂಟು ದಿನಕ್ಕ. ಜ್ವಾಕಿ!"

ಶಿವನ ದಯೆ, ಎಲ್ಲ ಸರಿಯಾಯಿತು ಅನ್ನುತ್ತೀರಿ. ನಾನೂ ಹಾಗೇ ಅನ್ನಬೇಕೆಂದಿದ್ದೆ.

ಪೇಟೆಯ ಬಸ್‌ನಿಲ್ದಾಣದಲ್ಲಿ ಟವೆಲ್ಲು ಹೊದ್ದ ಒಬ್ಬ ಕೂತಿದ್ದ. "ಏನಪಾ ಅದು?" ಅಂದ.

"ಸೈಕಲ್ ಟೈರ್. ನಿನಗ ಇದರಾಗ ತಿಳೀತೈತೇನು?"

"ನನಗ ತಿಳೀದ್ದು ಯಾವುದೈತಿ? ಎರಡ್ಯಾಕ ತಂದಿ? ಮುಂದಿನ ಗಾಲಿ ಹೋದಲ್ಲಿ ಹಿಂದಿನ ಗಾಲಿ ತಾನ ಬರತೈತಿ. ಒಂದ ಸಾಕು. ಇನ್ನೊಂದು ಇಲ್ಲೆ ಕೊಡು."

ಗದಿಗೆಪ್ಪ ಯೋಚಿಸಿದ. ತಿಳಿದವನು ಹೇಳುತ್ತಿದ್ದಾನೆ. ತಿಳಿದವರು ಹೇಳಿದಂತೆ ಕೇಳಬೇಕು. ಒಂದನ್ನು ಕೊಟ್ಟು ಕೈಮುಗಿದು ಬಸ್ಸು ಹತ್ತಿದ.

ಅವತ್ತು ಮನೆಯಲ್ಲಿ ಒಲೆ ಉರಿಯುತ್ತಿದ್ದರೂ ಯಾರೂ ರೊಟ್ಟಿ ಬಡಿಯಲಿಲ್ಲ. ಹಿಟ್ಟು ಕಲಸಿದ ಕೈಯಲ್ಲೇ ತಾಯಿ ಕೂತುಬಿಟ್ಟಳು. ಕಸ್ತೂರಿ ಸವೆದ ಟೈರಿನ ಸೈಕಲ್ಲಲ್ಲೇ ಪೇಟೆಯ ನಿಲ್ದಾಣಕ್ಕೆ ಹೋಗಿ ಬಂದಳು. ಟವೆಲ್ಲಿನವನು ಎಲ್ಲಿರುತ್ತಾನೆ?

ಮಾಸ್ತರು ಬಂದರು. ಇದ್ದ ಒಂದು ಒಳ್ಳೆಯ ಟೈರನ್ನು ಮುಂದಿನ ಗಾಲಿಗೆ ಹಾಕಿದರು. "ಮುಂದಿಂದು ಜಾರಿದ್ರ ಹುಡುಗಿ ಬೀಳ್ತಾಳ. ಹಿಂದ ಹಳೇದ ಇರಲಿ, ಟ್ಯೂಬ್ ಹಾಕೂಣು. ಮುಳ್ಳು ಚುಚ್ಚಿದ್ರ ಮಾತ್ರ ದೇವರ ಕಾಯಬೇಕು." ಆಮೇಲೆ ತಮ್ಮ ಮನೆಯಿಂದ ಟೈರು ಸಮೇತ ಒಂದು ಹಿಂದಿನ ಗಾಲಿ ತಂದರು. "ಇದು ಭಾರ, ಓಟಕ್ಕ ಬರಂಗಿಲ್ಲ. ಆದ್ರ ಆಪತ್ತಿಗಾಗತೈತಿ. ಕಾಲುವೆ ಪೂಲಿನ ಹತ್ರ ಯಾರರ ಇದನ್ನ ಹಿಡಕೊಂಡು ನಿಂದರಲಿ."

ಯಾರು ನಿಲ್ಲುವವರು? ಮಾಸ್ತರು ಓಟ ಬಿಡುವ ಕಡೆ ಇರಬೇಕು. ತಾಯಿಯ ಮೊಣಕಾಲಿಗೆ ಪೂಲು ಎಂಬ ಆ ಸೇತುವೆ ದೂರ, ಅವಳು ಓಟ ಮುಗಿಯುವ ಕಡೆ ಕೂತಿರಬೇಕು. ಉಳಿದವನು ಒಬ್ಬನೇ.

ತಾಯಿ ಮಗನ ಎರಡೂ ಗಲ್ಲ ಹಿಡಿದು ಹೇಳಿದಳು: "ಕೇಳು ಗದಿಗೆಪ್ಪಾ. ಈ ಗಾಲಿ ಎದಿಗೆ ಅವುಚಿಕೊಂಡು ನಿಂದರು. ಯಾರ ಕೇಳಿದ್ರೂ ಕೊಡಬ್ಯಾಡ. ತಿಳದವರು ಕೇಳ್ಲಿ, ತಿಳೀದವರು ಕೇಳ್ಲಿ. ಅತ್ತರೂ ಕೊಡಬ್ಯಾಡ, ಹೊಡದ್ರೂ ಕೊಡಬ್ಯಾಡ!"

"ಆತು ಯವ್ವಾ. ಹಂಗ ಮಾಡ್ತೀನಿ."

ರವಿವಾರ. ಗದಿಗೆಪ್ಪ ಪೂಲಿನ ಹತ್ತಿರ ಗಾಲಿಯನ್ನು ಅವುಚಿಕೊಂಡು ನಿಂತ. ಕುರಿ ಕಾಯುವವನು ಬಂದು ನೋಡಾಕ ಕೊಡು ಅಂದ. ಕೊಡಲಿಲ್ಲ. ಓಟದ ಹುಡುಗಿಯೊಬ್ಬಳ ಗಾಲಿ ಮುರಿದಿತ್ತು, ಕೈಮುಗಿದು ಕೇಳಿದಳು. ಕೊಡಲಿಲ್ಲ. ಅವಳ ಅಪ್ಪ ಬಂದು ಕೊರಳಪಟ್ಟಿ ಹಿಡಿದು ಎಳೆದ. ಕೊಡಲಿಲ್ಲ! ಹುಟ್ಟಿದಂದಿನಿಂದ ಗದಿಗೆಪ್ಪ ಇಷ್ಟು ಸರಿಯಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಕಸ್ತೂರಿ ಮೂರನೆಯವಳಾಗಿ ಬರುತ್ತಿದ್ದಳು. ಪೂಲು ಕಣ್ಣಿಗೆ ಕಾಣುವಾಗ ಹಿಂದಿನ ಗಾಲಿ ಸುಯ್ಯೆಂದಿತು. ಜಾಲಿ ಮುಳ್ಳು. ಇಳಿದು, ಸೈಕಲ್ ನೂಕಿಕೊಂಡು ಓಡಿಬಂದಳು. ಅಣ್ಣನನ್ನು ಕಂಡು ಅವಳ ಮುಖ ಅರಳಿತು.

"ಅಣ್ಣಾ, ಗಾಲಿ ಕೊಡು! ಲಗೂ!"

"ಕೊಡಂಗಿಲ್ಲ."

"ಅಣ್ಣಾ, ನಾನೋ! ಕಸ್ತೂರಿ!"

"ಗೊತ್ತೈತಿ ಬಿಡ. ಯಾರ ಕೇಳಿದ್ರೂ ಕೊಡಬ್ಯಾಡ ಅಂದಾಳ ಯವ್ವ."

"ಅದು ನನಗ ತಂದ ಗಾಲಿ ಅಲ್ಲೇನೋ!"

"ಹೌದು, ನಿಂದ. ಅದಕ್ಕ ಯಾರಿಗೂ ಕೊಡವಲ್ಲೆ. ನೀ ಓಡು ತಂಗೀ, ನಾ ಕಾಯ್ತೀನಿ!"

ಅವಳು ಎಳೆದಳು. ಟ್ರ್ಯಾಕ್ಟರ್ ಟೈರು ಉರುಳಿಸಿದ ತೋಳುಗಳು, ಅಲುಗಲಿಲ್ಲ. ಎದೆಗೆ ಗುದ್ದಿದಳು. ಹೊಡೆದರೂ ಕೊಡಬೇಡ ಅಂದಿದ್ದಳಲ್ಲ ತಾಯಿ. ಅತ್ತಳು. ಅದನ್ನೂ ಹೇಳಿದ್ದಳು. ನಾಲ್ಕನೆಯವಳು ದಾಟಿದಳು. ಐದನೆಯವಳು ದಾಟಿದಳು. ಆಮೇಲೆ ಐದಾರು ಮಂದಿ ಒಟ್ಟಿಗೇ ದಾಟಿದರು, ಧೂಳು ಎದ್ದಿತು, ಧೂಳು ಇಳಿಯಿತು. ಕಸ್ತೂರಿ ಪೂಲಿನ ಕಟ್ಟೆಯ ಮೇಲೆ ಕೂತಳು.

"ನೀರು ಕುಡೀತೀ ಏನು?" ಗದಿಗೆಪ್ಪ ಕೇಳಿದ. ಅವಳು ಬೇಡವೆಂದು ತಲೆಯಾಡಿಸಿದಳು.

ಇಪ್ಪತ್ತು ಕಿಲೋಮೀಟರು ಇಬ್ಬರೂ ನಡೆದರು. ಮುಂದೆ ಸೈಕಲ್ ನೂಕುತ್ತ ತಂಗಿ, ಹಿಂದೆ ಗಾಲಿ ಹೊತ್ತು ಅಣ್ಣ. ಓಟ ಮುಗಿಯುವ ಜಾಗದಲ್ಲಿ ಪೆಂಡಾಲು ಬಿಚ್ಚುತ್ತಿದ್ದರು. ಶಾವಂತ್ರೆವ್ವ ಒಬ್ಬಳೇ ಕೂತಿದ್ದಳು. ಮಗಳ ಕಾಲಿನ ಧೂಳು ನೋಡಿದಳು, ಮಗನ ಎದೆಯ ಮೇಲಿನ ಗಾಲಿ ನೋಡಿದಳು. ಕೇಳಲು ಏನೂ ಉಳಿಯಲಿಲ್ಲ.

"ಯವ್ವಾ, ಎಷ್ಟ ಮಂದಿ ಕೇಳಿದ್ರೂ ಕೊಡಲಿಲ್ಲ!" ಗದಿಗೆಪ್ಪನ ಮುಖದಲ್ಲಿ ಬೆಳಕಿತ್ತು. "ಕಸ್ತೂರಿ ಅತ್ತಳು. ಆದ್ರೂ ಕೊಡಲಿಲ್ಲ!"

ತಾಯಿ ಬೈಯಲಿಲ್ಲ. ಗದಿಗೆಪ್ಪ ಕಾದ. ಬೈಗುಳ ಬರಲಿಲ್ಲ. ಅವನಿಗೆ ಮೊದಲ ಸಲ ಹೆದರಿಕೆಯಾಯಿತು.

"ಯಾಕ ಯವ್ವಾ, ತಪ್ಪಾತೇನು? ಬೈ. ಬೈದು ಹೇಳು, ಮುಂದಿನ ಸಲ ಹೆಂಗ ಮಾಡ್ಲಿ?"

ತಾಯಿ ಬಾಗಿ ಮಗಳ ಕಾಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಕಸ್ತೂರಿಯೇ ಅಂದಳು: "ನಡೀರಿ, ಸಂಜೀ ರೊಟ್ಟಿ ಬಡೀಬೇಕು."

ಗಾಲಿ ಒತ್ತಿ ಮಗನ ತೋಳು ಕೆಂಪಾದುದನ್ನು ಕಂಡು ತಾಯಿ ಕೈ ಚಾಚಿದಳು. "ಎಷ್ಟೊತ್ತಿನಿಂದ ಹೊತ್ತೀಯೋ ಮಗನ. ನನ್ನ ಕೈಯಾಗ ಕೊಡು."

ಗದಿಗೆಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಗಾಲಿಯನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡ.

"ಯಾರ ಕೇಳಿದ್ರೂ ಕೊಡಂಗಿಲ್ಲ ಯವ್ವಾ! ನೀ ಕೇಳಿದ್ರೂ ಇಲ್ಲ!"

ಕೂತು ಕೇಳಿದ ತಾಯಂದಿರೇ, ತಂದೆಗಳೇ, ಶಿವನು ನಿಮ್ಮೆಲ್ಲರ ಮನೆಯನ್ನು ತಣ್ಣಗಿಡಲಿ. ಬುದ್ಧಿ ಇದ್ದವರಿಗೆ ತಾಳ್ಮೆ ಕೊಡಲಿ, ಬುದ್ಧಿ ಇಲ್ಲದವರಿಗೆ ಶಾವಂತ್ರೆವ್ವನಂಥ ತಾಯಿ ಕೊಡಲಿ. ನಿಮ್ಮ ಹೆಣ್ಣುಮಕ್ಕಳು ಹೊರಟ ಊರನ್ನು ಮುಟ್ಟಲಿ. ಈ ಸಲ ಮುಟ್ಟದವರ ಕಣ್ಣೀರನ್ನು ಅವನೇ ತನ್ನ ಕೈಯಿಂದ ಒರೆಸಲಿ. ಹೋಗಿಬನ್ನಿ, ಒಳ್ಳೆಯದಾಗಲಿ.